ಸ್ನೇಹಲ್ ಇಟ್ಟ ಹೆಸರುಗಳು

ಜೂನ್ 8, ಭಾನುವಾರ

ಇವತ್ತು ಮೊದಲ ಸಲ ಈ ಮನೆಯ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಚಪಾತಿಗೆ ಹಿಟ್ಟು ನಾದಿದೆ. ಮದುವೆಯಾಗಿ ಎರಡು ವಾರವಾದರೂ ಅತ್ತೆ ಅಡುಗೆ ಬಿಟ್ಟುಕೊಟ್ಟಿರಲಿಲ್ಲ. ಲಟ್ಟಣಿಗೆ ಸಿಗಲಿಲ್ಲ. ಅಷ್ಟರಲ್ಲಿ ಪ್ರಾಚಿ ನೀರು ಕುಡಿಯಲು ಬಂದಳು. ಇವರ ಮಗಳು, ಎಂಟನೇ ಇಯತ್ತೆ. "ಲಟ್ಟಣಿಗಿ ಎಲ್ಲಿಟ್ಟೀರಿ ಪ್ರಾಚಿ?" ಎಂದು ಕೇಳಿದೆ. ನನಗೆ ಉತ್ತರ ಕೊಡದೆ ಹಾಲ್‌ನಲ್ಲಿ ಪೇಪರ್ ಓದುತ್ತಿದ್ದ ಅಪ್ಪನಿಗೆ ಕೂಗಿದಳು.

"ಪಪ್ಪಾ, ಚಾಬ್ ನಾಖ್ ಎಲ್ಲೈತಿ?"

"ಮ್ಯಾಲಿನ ಕಪಾಟಿನ್ಯಾಗ ನೋಡು."

ಅವಳು ತೆಗೆದುಕೊಟ್ಟು ಹೋದಳು. ಊಟದ ಹೊತ್ತಿಗೆ ಇವರನ್ನು ಕೇಳಿದೆ, ಅದು ಯಾವ ಭಾಷೆ ಎಂದು. "ಏನಿಲ್ಲ ಬಿಡು, ಹಳೀ ಆಟ" ಎಂದು ಪಲ್ಯ ಬಡಿಸಿಕೊಂಡರು.

ಮಧ್ಯಾಹ್ನ ಬಳ್ಳೊಳ್ಳಿ ಸುಲಿಯುತ್ತ ಅತ್ತೆ ಹೇಳಿದರು. ಪ್ರಾಚಿಯ ತಾಯಿ ಸ್ನೇಹಲ್ ಹಾಸಿಗೆ ಹಿಡಿದಾಗ ಅವಳೂ ಮಗಳೂ ಯಾವುದೋ ಇಂಗ್ಲಿಷ್ ಧಾರಾವಾಹಿ ನೋಡುತ್ತಿದ್ದರಂತೆ. ಅದರಲ್ಲಿ ಬೇರೆ ಗ್ರಹದ ಯುದ್ಧಕೋರರು. ಅವರಿಗಾಗಿಯೇ ಯಾರೋ ಕೂತು ಕಟ್ಟಿದ ಭಾಷೆ, ಕ್ಲಿಂಗನ್. ಸ್ನೇಹಲ್ ಅದನ್ನು ಮೊಬೈಲಿನಲ್ಲಿ ಕಲಿತಳಂತೆ. ಆ ಭಾಷೆಯಲ್ಲಿ ಕತ್ತಿ, ಹಡಗು, ವೈರಿ ಎಲ್ಲಕ್ಕೂ ಮಾತಿದೆ, ಲಟ್ಟಣಿಗೆಗೆ ಇಲ್ಲ, ಸೌಟಿಗೆ ಇಲ್ಲ. ಇಲ್ಲದ್ದನ್ನೆಲ್ಲ ಅವಳೇ ಮಾಡುತ್ತ ಹೋದಳು. ಚಾಬ್ ಅಂದರೆ ರೊಟ್ಟಿ, ನಾಖ್ ಅಂದರೆ ಕೋಲು.

"ನನಗ ತಿಳೀತಿದ್ದಿಲ್ಲ. ಮೂವರೂ ನಗತಿದ್ರು, ನಾನೂ ನಗತಿದ್ದೆ" ಅಂದರು ಅತ್ತೆ.

ಅವಳು ಹೋಗಿ ಮೂರು ವರ್ಷವಾಯಿತು. ಅವಳ ಸೀರೆಗಳನ್ನು ಅವಳ ತವರಿಗೆ ಕೊಟ್ಟಿದ್ದಾರೆ. ಬುದ್ಧನ ಪಕ್ಕದಲ್ಲಿದ್ದ ಅವಳ ಫೋಟೋ ನಾನು ಬರುವ ಮುಂಚೆಯೇ ಪ್ರಾಚಿಯ ಕೋಣೆಗೆ ಹೋಗಿದೆ. ಇವರು ಎಲ್ಲವನ್ನೂ ಯೋಚಿಸಿ ಮಾಡಿದ್ದಾರೆ. ಲಟ್ಟಣಿಗೆಯನ್ನು ಮಾತ್ರ ಯೋಚಿಸಿರಲಿಲ್ಲ.

ಜೂನ್ 11, ಬುಧವಾರ

ಕುಕ್ಕರಿಗೆ ಜಾಚ್‌ಬೋಘ್ ಊನ್. ಚೀರುವ ಗಡಿಗೆ ಎಂದರ್ಥವಂತೆ. ಕಸಬರಿಗೆಗೆ ಲಾಮ್ ಜಾಘ್, ಕಸದ ವೈರಿ. ಸೊಳ್ಳೆ ಬ್ಯಾಟಿಗೂ ಒಂದಿದೆ, ಬಾಯಿ ತಿರುಗಲಿಲ್ಲ. ಇವತ್ತು ಸೀಟಿ ಹೊಡೆದಾಗ ಇವರು ಬೂಟು ಹಾಕಿಕೊಳ್ಳುತ್ತಲೇ, "ಪ್ರಾಚಿ, ಜಾಚ್‌ಬೋಘ್ ಊನ್ ಆರಸು" ಅಂದರು. ನಾನು ಒಲೆಯ ಮುಂದೆಯೇ ನಿಂತಿದ್ದೆ. ಇವರಿಗದು ರೂಢಿ, ಬೇರೇನಿಲ್ಲ. ಗೊತ್ತಾದ ಕೂಡಲೇ ಮುಖ ಸಣ್ಣದು ಮಾಡಿಕೊಂಡು ರೈಲ್ವೆ ಆಫೀಸಿಗೆ ಹೊರಟುಹೋದರು.

ಲಕಮನಹಳ್ಳಿಯ ನನ್ನ ಶಾಲೆಗೆ ಬಸ್ಸಿನಲ್ಲಿ ಹೋಗುತ್ತ ದಾರಿಯುದ್ದಕ್ಕೂ ಅದೇ. ಕನ್ನಡ ಕಲಿಸುವವಳು ನಾನು. ಒಂದು ಪಾತ್ರೆಗೆ ನಾಲ್ಕು ಹೆಸರು ಹೇಳಬಲ್ಲೆ, ಯಾವುದೂ ಆ ಮನೆಯಲ್ಲಿ ನಡೆಯುವುದಿಲ್ಲ. ಬದುಕಿರುವ ಹೆಣ್ಣಾದರೆ ಜಗಳವಾಡಬಹುದಿತ್ತು.

ಜೂನ್ 19, ಗುರುವಾರ

ನಿನ್ನೆ ಊಟಕ್ಕೆ ಕೂತಾಗ ನಾನೇ ಬಾಯಿಬಿಟ್ಟು ಹೇಳಿದೆ. "ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಮನ್ಯಾಗ ಎಲ್ಲಾರಿಗೂ ತಿಳಿಯೂ ಮಾತು ಆಡೂಣು."

ಇವರು "ಹೌದು, ಖರೇ" ಅಂದರು. ಪ್ರಾಚಿ ತಟ್ಟೆ ನೋಡುತ್ತ, "ಆತ್ರಿ ಆಂಟಿ" ಅಂದಳು. ಅವಳು ನನಗೆ ಪ್ರತಿ ಮಾತಿಗೂ ರಿ ಹಚ್ಚುತ್ತಾಳೆ. ಬ್ಯಾಂಕಿನ ಮ್ಯಾನೇಜರನಿಗೆ ಹಚ್ಚಿದ ಹಾಗೆ.

ಇವತ್ತು ಇಡೀ ದಿನ ಮನೆಯಲ್ಲಿ ಯಾರೂ ಯಾವ ವಸ್ತುವಿನ ಹೆಸರನ್ನೂ ಹೇಳಲಿಲ್ಲ. ಪ್ರಾಚಿ ಕಸಬರಿಗೆಯತ್ತ ಬೆರಳು ತೋರಿಸಿದಳು, ಇವರು ತೆಗೆದುಕೊಟ್ಟರು. ಸಂಜೆ ಕುಕ್ಕರ್ ಸೀಟಿ ಹೊಡೆದಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಇದಕ್ಕಿಂತ ಆಡಿದ್ದೇ ಚೆನ್ನಾಗಿತ್ತು. ಆಡಿದಾಗ ನನಗೆ ಕೇಳಿಸುತ್ತಲಾದರೂ ಇತ್ತು.

ಜೂನ್ 22, ಭಾನುವಾರ

ಅತ್ತೆಯನ್ನು ಕರೆದುಕೊಂಡು ದುರ್ಗದಬೈಲಿನ ಪೇಟೆಗೆ ಹೋಗಿದ್ದೆ. ಹೊಸ ಕುಕ್ಕರ್, ಹೊಸ ಲಟ್ಟಣಿಗೆ, ಎರಡು ಕಸಬರಿಗೆ ಕೊಂಡೆ. ಅತ್ತೆ, "ಇದ್ದದ್ದು ಛಲೋ ಅದಾವಲ್ಲ ಪೂನಮ್" ಅಂದರು. ನಾನು, "ಹಿಡಿಕಿ ಸಡ್ಲ ಆಗೇತ್ರಿ ಅತ್ತಿ" ಅಂದೆ. ಆಗಿರಲಿಲ್ಲ. ಹಳೆಯದನ್ನೆಲ್ಲ ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದೆ. ಕೈ ತೊಳೆದುಕೊಂಡಾಗ ಹಗುರಾದಂತೆ ಅನ್ನಿಸಿತು.

ಸಂಜೆ ಪ್ರಾಚಿ ಹೊಸ ಕುಕ್ಕರನ್ನು ತಿರುಗಿಸಿ ತಿರುಗಿಸಿ ನೋಡಿದಳು. ನಾನು ಕಾಣದಂತೆ ಬಾಗಿಲ ಹಿಂದೆ ಇದ್ದೆ. ಅದರ ಮುಚ್ಚಳ ತಟ್ಟಿ, ಹೊಸದಾಗಿ ಬಂದ ನಾಯಿಮರಿಯನ್ನು ಮಾತಾಡಿಸುವಂತೆ ಮೆಲ್ಲಗೆ, "ಜಾಚ್‌ಬೋಘ್ ಊನ್" ಅಂದಳು.

ಅಂಗಡಿಯವನು ಒಂದು ವರ್ಷದ ಗ್ಯಾರಂಟಿ ಬರೆದುಕೊಟ್ಟಿದ್ದಾನೆ. ಹೆಸರು ನನ್ನದು, ಪೂನಮ್ ಅಂತಲೇ ಇದೆ. ಅಷ್ಟೇ.

ಜುಲೈ 4, ಶುಕ್ರವಾರ

ಆಸ್ಪತ್ರೆಯಲ್ಲಿ ಕೂತು ಬರೆಯುತ್ತಿದ್ದೇನೆ.

ನಿನ್ನೆ ಸಂಜೆ ಇವರು ಗದಗಿಗೆ ಡ್ಯೂಟಿಯ ಮೇಲೆ ಹೋಗಿದ್ದರು. ನಾನು ಹಾಲ್‌ನಲ್ಲಿ ಕಿರುಪರೀಕ್ಷೆಯ ಪೇಪರ್ ತಿದ್ದುತ್ತಿದ್ದೆ. ಪ್ರಾಚಿಯ ಕೋಣೆಯಿಂದ "ಓಯ್" ಎಂದು ಕೇಳಿಸಿತು. ನನ್ನನ್ನೇ ಕರೆಯುತ್ತಿದ್ದಾಳೆ ಅಂದುಕೊಂಡೆ. ಮನೆಯಲ್ಲಿ ಬೇರೆ ಯಾರಿದ್ದರು, ಅತ್ತೆ ಹಿತ್ತಿಲಲ್ಲಿದ್ದರು. ಮತ್ತೆ "ಓಯ್". ಮೈಯೆಲ್ಲ ಉರಿಯಿತು. ರಿ ಹಚ್ಚಿ ಹಚ್ಚಿ ದೂರ ಇಡುವವಳು ಈಗ ಓಣಿಯ ಹುಡುಗರ ಹಾಗೆ ಓಯ್ ಅನ್ನುತ್ತಾಳೆ. ಬಾಗಿಲಿಗೆ ಹೋಗಿ ನಿಂತೆ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ನಾ ಏನ್ ನಿನ್ನ ಗೆಳತೇನು, ಓಯ್ ಅನ್ನಾಕ?"

ಅವಳು ತಿರುಗಲೇ ಇಲ್ಲ. ಅದನ್ನೂ ಸೊಕ್ಕು ಅಂದುಕೊಂಡೆ. ವಾಪಸ್ಸು ಬಂದು ಪೇಪರ್ ತಿದ್ದಿದೆ. ಒಂದು ಹುಡುಗಿಗೆ ಸಂಧಿ ತಪ್ಪಿದ್ದಕ್ಕೆ ಕೆಂಪು ಗೆರೆ ಜೋರಾಗಿಯೇ ಎಳೆದೆ.

ಮೂರನೇ ಸಲ ಅಂದಾಗ ಅತ್ತೆ ಒಳಗೆ ಬಂದಿದ್ದರು. ಕೈಯಲ್ಲಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು ಕೋಣೆಗೆ ಓಡಿದರು. "ಪೂನಮ್, ಆಟೋ ತರಸು ಲಗೂ" ಅಂದರು. ಹುಡುಗಿ ಹೊಟ್ಟೆ ಹಿಡಿದು ಮುದುಡಿದ್ದಳು, ದಿಂಬಿನ ಮೇಲೆ ವಾಂತಿ. ಅಪೆಂಡಿಕ್ಸ್. ಇನ್ನು ಸ್ವಲ್ಪ ತಡವಾದರೆ ಒಡೆಯುತ್ತಿತ್ತು ಎಂದರು ಡಾಕ್ಟರ್. ಇವರು ಬರುವ ಹೊತ್ತಿಗೆ ಆಪರೇಷನ್ ಆಗಿತ್ತು. ಸಹಿ ನಾನು ಮಾಡಿದ್ದೆ. ಸಂಬಂಧ ಎನ್ನುವ ಕಡೆ ತಾಯಿ ಎಂದು ಬರೆಯುವಾಗ ನರ್ಸ್ ನನ್ನ ಮುಖ ನೋಡಿದಂತೆ ಅನ್ನಿಸಿತು. ಅವಳು ಗಡಿಯಾರ ನೋಡಿರಬೇಕು.

"ನಿಮಗ ಹೆಂಗ್ ಗೊತ್ತಾತ್ರಿ ಅತ್ತಿ?" ಎಂದು ಕೇಳಿದೆ.

"ಓಯ್ ಅಂದ್ಲಲ್ಲ. ಹಂಗಂದ್ರ ಅವರ ಮಾತಿನ್ಯಾಗ ನೋವು. ಸ್ನೇಹಲ್ ಕಡೀ ಕಡೀಗೆ ದಿನಾ ಅಂತಿದ್ಲು. ಮುದುಕಿ ಹೆದರೀತು ಅಂತ ನನ್ನ ಮುಂದ ಹಂಗ ಅನ್ನೂದು. ನಾನೂ ತಿಳೀಲಾರದಾಕಿ ಹಂಗ ಇದ್ದುಬಿಟ್ಟಿದ್ದೆ."

ಇವರಿಗೆ ನಾನೇ ಎಲ್ಲ ಹೇಳಿದೆ, ಬಾಗಿಲಲ್ಲಿ ನಿಂತು ಆಡಿದ ಮಾತನ್ನೂ ಹೇಳಿದೆ. ಇವರು ಬೈಯಲಿಲ್ಲ. "ನಾ ನಿನಗ ಮೊದಲ ಹೇಳಬೇಕಿತ್ತು" ಎಂದಷ್ಟೇ ಅಂದರು. ಬೈದಿದ್ದರೆ ಅತ್ತು ಮುಗಿಸುತ್ತಿದ್ದೆ.

ಆ ಮನೆಯಲ್ಲಿ ನೋವಿನ ಹೆಸರು ಎಲ್ಲರಿಗೂ ಗೊತ್ತಿತ್ತು. ನನಗೊಬ್ಬಳಿಗೇ ಗೊತ್ತಿರಲಿಲ್ಲ. ಇಷ್ಟಾದ ಮೇಲೂ ನನ್ನ ಮನಸ್ಸು ಅದನ್ನೇ ಹಿಡಿದು ಕೂತಿದೆ, ನಾಚಿಕೆಯಾಗಬೇಕು.

ಜುಲೈ 6, ಭಾನುವಾರ

ನಾನೇ ಇರುತ್ತೇನೆ ಎಂದು ಇವರನ್ನು ಮನೆಗೆ ಕಳಿಸಿದೆ. ಪ್ರಾಚಿ ಅರೆನಿದ್ದೆಯಲ್ಲಿ ಏನೋ ಮಾತಾಡಿದಳು, ಆ ಭಾಷೆಯಲ್ಲಿಯೇ, ಯಾರಿಗೆ ಎಂದು ಕೇಳಬೇಕಾಗಿಲ್ಲ. ಪಕ್ಕದಲ್ಲಿ ನಾನು, ಮಾತು ಅವಳ ಜೊತೆ.

ಎಚ್ಚರಾದಾಗ ತುಟಿ ಒಣಗಿತ್ತು. ಚಮಚದಲ್ಲಿ ನೀರು ಹಾಕುತ್ತ, "ನೀರಿಗೇನಂತಾರ ನಿಮ್ಮ ಮಾತಿನ್ಯಾಗ?" ಎಂದೆ.

ನೀರು ನುಂಗಿ ನನ್ನ ಕಡೆ ತಿರುಗಿದಳು. "ಬಿಖ್ ಅಂತಾರ್ರಿ."

"ಬಿಕ್."

"ಹಂಗಲ್ರಿ. ಗಂಟಲದಾಗಿಂದ ಬರಬೇಕು. ಕಫ ತಗದಂಗ."

ನಾನು ಮೂರು ನಾಲ್ಕು ಸಲ ಅಂದೆ. ಆಚೆ ಹಾಸಿಗೆಯ ಹೆಣ್ಣುಮಗಳು ನನಗೇ ಏನೋ ಆಗಿದೆ ಎಂದು ಎದ್ದು ಕೂತಳು. ಪ್ರಾಚಿಗೆ ನಗು ಬಂತು, ನಕ್ಕರೆ ಹೊಲಿಗೆ ನೋಯುತ್ತದೆ, "ನಗಸಬ್ಯಾಡ್ರಿ ಆಂಟಿ, ಓಯ್" ಅಂದಳು. ಈ ಸಲ ನನಗೆ ತಿಳಿಯಿತು.

ಆ ಗಂಟಲಿನ ಧ್ವನಿ ಅವಳಮ್ಮನಿಗೆ ಒಂದೇ ದಿನಕ್ಕೆ ಬಂದಿತ್ತಂತೆ. ಕೇಳದೆಯೇ ಹೇಳಿದಳು.

ಜುಲೈ 20, ಭಾನುವಾರ

ಪ್ರಾಚಿ ಮನೆಯಲ್ಲಿಯೇ ಇದ್ದಾಳೆ, ಮುಂದಿನ ವಾರ ಶಾಲೆಗೆ. ದಿನಾ ಸಂಜೆ ಒಂದಿಷ್ಟು ಮಾತು ಹೇಳಿಕೊಡುತ್ತಾಳೆ. ಕಲಿಯುತ್ತಿರುವುದು ಮತ್ತೆ ಅಂಥ ತಪ್ಪಾಗಬಾರದು ಎಂದು, ಅಷ್ಟೇ. ವ್ಯಾಕರಣ ಕಷ್ಟವಿಲ್ಲ, ನಮ್ಮ ಹಾಗೆಯೇ ಪದಕ್ಕೆ ಬಾಲ ಹಚ್ಚುತ್ತ ಹೋಗುವುದು.

ಅಮ್ಮಿನಬಾವಿಯಿಂದ ನಮ್ಮವ್ವ ರೊಟ್ಟಿ ಬುಟ್ಟಿ ಕಳಿಸಿದ್ದಳು. ಸ್ನೇಹಲ್ ಹೆಸರಿಡದ ವಸ್ತು ಒಂದು ಸಿಕ್ಕಿತು ಎಂದು ಎರಡು ದಿನ ಒಳಗೊಳಗೇ ಹಿಗ್ಗಿ, ನಾನೇ ಒಂದು ಪದ ಮಾಡಿದೆ. ಚಾಬ್ ಪೋಲ್‌ಮೆಹ್ ಊನ್. ರೊಟ್ಟಿಯನ್ನು ಇಡುವ ಸಲುವಾಗಿರುವ ಗಡಿಗೆ. ಒಂದು ಪ್ರತ್ಯಯವೂ ತಪ್ಪಿಲ್ಲ.

ಪ್ರಾಚಿ ಕೇಳಿಸಿಕೊಂಡು, "ಬರೋಬ್ಬರಿ ಐತ್ರಿ" ಅಂದಳು. ಆಮೇಲೆ, "ಆದ್ರ ಸರಕಾರಿ ಬೋರ್ಡ್ ಓದಿದಂಗ ಆಗ್ತೈತಿ. ಮಮ್ಮಿ ಇಷ್ಟು ಉದ್ದ ಮಾಡತಿದ್ದಿಲ್ಲ."

ಎದ್ದು ಹಿತ್ತಿಲಿಗೆ ಹೋದೆ. ಕಸಬರಿಗೆ ಕೈಗೆ ಸಿಕ್ಕಿತು, ಅಂಗಳ ಹೊಡೆದೆ. ಲಾಮ್ ಜಾಘ್. ಲಾಮ್, ಕಸ. ಜಾಘ್, ವೈರಿ. ಎರಡೇ ಪದ. ಕಸಬರಿಗೆ ಹಿಡಿದವಳನ್ನು ದಂಡಿನ ಸರದಾರಿಣಿ ಮಾಡಿಬಿಡುತ್ತದೆ. ಹಾಸಿಗೆಯಲ್ಲಿ ಮಲಗಿ, ತಾನು ಮತ್ತೆ ಕೈಯಲ್ಲಿ ಹಿಡಿಯಲಾರದ ವಸ್ತುವಿಗೆ ಹೀಗೊಂದು ಹೆಸರಿಟ್ಟಿದ್ದಾಳೆ. ನಾನು ಇಷ್ಟು ವರ್ಷ ತತ್ಪುರುಷ ಸಮಾಸ ಕಲಿಸಿದ್ದೇನೆ, ಹೀಗೊಂದು ನನಗೆ ಹೊಳೆದಿಲ್ಲ. ಗಂಡನ ವಿಷಯಕ್ಕೆ ಹೊಟ್ಟೆಕಿಚ್ಚುಪಟ್ಟರೆ ಜನ ಒಪ್ಪುತ್ತಾರೆ. ಇದಕ್ಕೆ ಪಟ್ಟರೆ ಯಾರಿಗೆ ಹೇಳುವುದು?

ಆಗಸ್ಟ್ 2, ಶನಿವಾರ

ಸ್ನೇಹಲಳ ಧ್ವನಿ ಕೇಳಿದೆ. ಈ ಭಾಷೆಯವರದೊಂದು ಗುಂಪಿದೆ ಮೊಬೈಲಿನಲ್ಲಿ, ಬೇರೆ ಬೇರೆ ಊರಿನವರು. ಅದಕ್ಕೆ ಅವಳು ಕುಕ್ಕರಿನ ಹೆಸರು ವಿವರಿಸಿ ಕಳಿಸಿದ್ದ ಮಾತನ್ನು ಪ್ರಾಚಿ ಹಾಕಿ ಕೇಳಿಸಿದಳು. ಚಂದದ ಧ್ವನಿ ಇರುತ್ತದೆ ಅಂದುಕೊಂಡಿದ್ದೆ. ಹಾಗೇನಿಲ್ಲ, ಸ್ವಲ್ಪ ಮೂಗಿನಲ್ಲಿ. ನಡುವೆ ದಮ್ಮು ಹತ್ತಿ ನಿಲ್ಲಿಸುತ್ತಾಳೆ, ಹಿಂದೆ ಕುಕ್ಕರ್ ಸೀಟಿ ಹೊಡೆಯುತ್ತದೆ, "ನೋಡ್ರಿ, ಅಕಿನ ಹೇಳಾಕತ್ತಾಳ" ಎಂದು ನಗುತ್ತಾಳೆ.

ಉಚ್ಚಾರ ಮಾತ್ರ ನನಗಿಂತ ಬಹಳ ಛಲೋ. ಪ್ರಾಚಿ ಟ್ಯೂಷನ್ನಿಗೆ ಹೋದ ಮೇಲೆ ಇನ್ನೊಂದು ಸಲ ಕೇಳಿದೆ. ಉಚ್ಚಾರದ ಸಲುವಾಗಿ.

ಆಗಸ್ಟ್ 17, ಭಾನುವಾರ

ಇವತ್ತಿನದನ್ನು ಸರಿಯಾಗಿ ಬರೆದಿಡಬೇಕು.

ಬೆಳಿಗ್ಗೆ ಆ ಗುಂಪಿನ ಸಭೆ ಇತ್ತು, ಕಂಪ್ಯೂಟರಿನಲ್ಲಿ. ಮನೆಬಳಕೆಯ ವಸ್ತುಗಳಿಗೆ ಕಟ್ಟಿದ ಪದಗಳನ್ನೆಲ್ಲ ಸೇರಿಸಿ ಸಣ್ಣದೊಂದು ಶಬ್ದಕೋಶ ಮಾಡಿದ್ದಾರೆ. ಮಾಡಿದವನು ಶಶಿಕುಮಾರ, ಮೈಸೂರಿನವನು. ಪ್ರಾಚಿ ಹೊಸ ಫ್ರಾಕ್ ಹಾಕಿಕೊಂಡು ಕೂತಳು. ನಾನು ಪಕ್ಕದಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ. ಅವನು ಒಂದೊಂದೇ ಪದ ತೋರಿಸುತ್ತ ಹೋದ. ಚಾಬ್ ನಾಖ್ ಬಂತು, ಲಾಮ್ ಜಾಘ್ ಬಂತು, ಜಾಚ್‌ಬೋಘ್ ಊನ್ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲದರ ಮುಂದೆಯೂ ಗುಂಪಿನ ಹೆಸರು. ಮೇಲೆ ದಪ್ಪ ಅಕ್ಷರದಲ್ಲಿ ಶಶಿಕುಮಾರನ ಹೆಸರು. ಸ್ನೇಹಲಳ ಹೆಸರು ಎಲ್ಲಿಯೂ ಇಲ್ಲ.

ಪ್ರಾಚಿ ಕ್ಯಾಮೆರಾ ಮುಚ್ಚಿ ತನ್ನ ಕೋಣೆಗೆ ಹೋದಳು. ಇವರು ಬಾಗಿಲಲ್ಲಿ ನಿಂತು ನೋಡಿದ್ದರು. "ಬಿಡು ಪೂನಮ್" ಅಂದರು. "ಹೆಸರು ಹಾಕಿದ್ರ ಅಕಿ ಬಂದು ಓದ್ತಾಳೇನು?"

ನನಗೆ ಬಿಡಲಾಗಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂತೆ. ಕ್ಯಾಮೆರಾ ಮತ್ತೆ ತೆರೆದೆ.

"ನಮಸ್ಕಾರ್ರಿ. ನಾನು ಹುಬ್ಬಳ್ಳಿಯಿಂದ ಪೂನಮ್. ಆ ಮೂರೂ ಪದಾ ಸ್ನೇಹಲ್ ಮಾಡಿದ್ದು. ಅವರ ಹೆಸರು ಯಾಕಿಲ್ಲ?"

ಶಶಿಕುಮಾರ ಒರಟ ಅಲ್ಲ, ಅದನ್ನು ಹೇಳಬೇಕು. "ಮೇಡಂ, ಅವರು ಮಾಡಿದ್ದು ಅಂತ ನಮಗೂ ಗೊತ್ತು. ಆದ್ರೆ ಒಬ್ಬೊಬ್ಬರ ಹೆಸರು ಹಾಕ್ತಾ ಹೋದ್ರೆ ಜಗಳ ಬರುತ್ತೆ. ಅದಕ್ಕೇ ಎಲ್ಲ ಗುಂಪಿನ ಹೆಸರಲ್ಲಿ."

"ನಿಮ್ಮ ಹೆಸರು ಮ್ಯಾಲೈತಲ್ರಿ."

"ಅದು ಸಂಪಾದಕ ಅಂತ."

"ಸಂಪಾದನೆ ಮಾಡಾಕ ಮೊದಲ ಯಾರರೆ ಪದಾ ಮಾಡಿರಬೇಕಲ್ರಿ. ಕುಕ್ಕರ್ ನಮ್ಮ ನಿಮ್ಮ ಮನ್ಯಾಗೂ ದಿನಾ ಸೀಟಿ ಹೊಡೀತೈತಿ. ಅದು ಚೀರಾಕತ್ತೈತಿ ಅಂತ ನಿಮಗ ಅನಿಸಿತ್ತೇನು? ನನಗಂತೂ ಅನಿಸಿದ್ದಿಲ್ಲ. ಅಕಿಗೆ ಅನಿಸ್ತು. ಯಾಕಂದ್ರ ಅಕಿ ತಾನು ಚೀರಲಾರದೆ ಪಕ್ಕದ ಕೋಣ್ಯಾಗ ಮಲಗಿದ್ಲು. ಅದನ್ನ ಗುಂಪಿನ ಹೆಸರಿನ್ಯಾಗ ಹೆಂಗ್ ಹಾಕ್ತೀರಿ?"

ಬೆಳಗಾವಿಯ ಶಾಜಿಯಾ ಎಂಬವಳು ತಲೆ ತಗ್ಗಿಸಿದ್ದು ಕಂಡಿತು. ಶಶಿಕುಮಾರ ಕನ್ನಡಕ ತೆಗೆದು ಒರೆಸಿಕೊಂಡ.

"ಕ್ಷಮಿಸಿ ಮೇಡಂ, ಕೇಳ್ತೀನಿ. ನೀವು ಸ್ನೇಹಲ್ ಅವರಿಗೆ ಏನಾಗಬೇಕು?"

ಈ ಪ್ರಶ್ನೆ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಏನಾಗಬೇಕು ನಾನು? ಅವಳ ಗಂಡನ ಹೆಂಡತಿ ಅನ್ನಬೇಕೇ?

"ಅಕಿ ನಮ್ಮಾಕಿ ರೀ" ಅಂದೆ.

ಅವನು ಬರೆದುಕೊಂಡ. ಹೆಸರು ಹಾಕುತ್ತೇವೆ, ಎಲ್ಲರದ್ದೂ ಹಾಕುತ್ತೇವೆ ಅಂದ. ಕ್ಯಾಮೆರಾ ಮುಚ್ಚಿ ತಿರುಗಿದರೆ ಬಾಗಿಲಲ್ಲಿ ಇವರಿರಲಿಲ್ಲ, ಪ್ರಾಚಿ ಇದ್ದಳು. ನಾನು ಸಿಟ್ಟಿನಲ್ಲಿಯೇ ಇದ್ದೆ, "ಉಳ್ಳಾಗಡ್ಡಿ ಒಣಗಿ ಹೋದ್ವು" ಎಂದು ಅಡುಗೆಮನೆಗೆ ನಡೆದೆ. ಅವಳು ಹಿಂದೆಯೇ ಬಂದು ಇನ್ನೊಂದು ಈಳಿಗೆ ತೆಗೆದುಕೊಂಡು ಕೂತಳು. "ಸಣ್ಣಗ ಹೆಚ್ಚಲೇನು, ದಪ್ಪ ಹೆಚ್ಚಲಿ?" ಎಂದು ಕೇಳಿದಳು. ಸಣ್ಣಗೆ ಅಂದೆ.

ಮಧ್ಯಾಹ್ನ ಇವರು ಅಟ್ಟ ಹತ್ತಿ ಗೋಣಿಚೀಲ ಇಳಿಸಿದರು. ನಾನು ಬೇಡ ಅನ್ನಲಿಲ್ಲ. ಹಳೆಯ ಕುಕ್ಕರಿನಲ್ಲಿ ಬೇಳೆ ಬೇಗ ಬೇಯುತ್ತದೆ.

ಆಗಸ್ಟ್ 24, ಭಾನುವಾರ

ಅತ್ತೆಗೆ ಕೆಮ್ಮು. ಬೇರೇನಿಲ್ಲ.

ಸೆಪ್ಟೆಂಬರ್ 7, ಭಾನುವಾರ

ಶಬ್ದಕೋಶ ಬಂತು. ಸ್ನೇಹಲಳ ಹೆಸರು ಅವಳ ಪದಗಳ ಮುಂದೆಲ್ಲ ಇದೆ, ಊರು ಹುಬ್ಬಳ್ಳಿ ಎಂದು ಸಹಿತ. ಪ್ರಾಚಿ ಅತ್ತೆಗೆ ಒಂದೊಂದನ್ನೂ ಓದಿ ಹೇಳಿದಳು. ಅತ್ತೆ ಪ್ರತಿಯೊಂದಕ್ಕೂ, "ಹೌದು, ಇದು ಅಕೀದ" ಎಂದು ತಲೆಯಾಡಿಸಿದರು. ಇವರು ಎಲ್ಲರಿಗೂ ಚಹಾ ಮಾಡಿ ತಂದರು. ಸಕ್ಕರೆ ಮರೆತಿದ್ದರು, ಎಲ್ಲರೂ ಹಾಗೆಯೇ ಕುಡಿದೆವು.

ಆದರೆ ನನ್ನ ಸಂಕಟ ಬೇರೆ. ಗುಂಪಿನವರು ಎಲ್ಲಕ್ಕಿಂತ ಛಲೋ ಪದ ಯಾವುದು ಎಂದು ಮತ ಹಾಕಿದ್ದಾರೆ. ಗೆದ್ದದ್ದು ಜಾಚ್‌ಬೋಘ್ ಊನ್ ಅಲ್ಲ. ಆ ಶಾಜಿಯಾ ತವಾಕ್ಕೆ ಇಟ್ಟ ಹೆಸರು, ಕುಲ್ ಜೆಂಗ್‌ವಾ. ಬೆಂಕಿಯ ತಾಟು. ಬೆಂಕಿಯ ತಾಟಂತೆ. ಅದರಲ್ಲೇನು ದೊಡ್ಡದಿದೆ? ಬೆಂಕಿ ಇದೆ, ತಾಟು ಇದೆ, ಕೂಡಿಸಿದ್ದಾಳೆ. ಚೀರುವ ಗಡಿಗೆಯ ಮುಂದೆ ಇದನ್ನು ಆರಿಸಿದವರಿಗೆ ಕಿವಿ ಇಲ್ಲ.

"ಖರೇ ಛಲೋ ಐತಿ" ಅಂದಳು ಪ್ರಾಚಿ. ಅವಳೂ ಅದಕ್ಕೇ ಮತ ಹಾಕಿದ್ದಾಳೆ.

"ನಿಮ್ಮ ಮಮ್ಮಿ ಇದ್ದಿದ್ರ ಇದಕ್ಕಿಂತ ಛಲೋ ಮಾಡ್ತಿದ್ಲು."

"ಮಮ್ಮಿ ತವಾಕ್ಕ ಹೆಸರ ಇಟ್ಟಿದ್ದಿಲ್ಲ. ಅಕಿ ಆಗ ರೊಟ್ಟಿ ಬಿಟ್ಟಿದ್ಲು, ಗಂಜಿ ಅಷ್ಟ ಕುಡೀತಿದ್ಲು." ಪ್ರಾಚಿ ನನ್ನ ತೋಳಿಗೆ ಒರಗಿ ಮೊಬೈಲ್ ನೋಡುತ್ತಲೇ ಇದ್ದಳು. "ನೀ ಇಡು. ನಿನಗ ಬರ್ತೈತಲ್ಲ ಈಗ."

ಸಂಜೆ ರೊಟ್ಟಿ ಬಡಿಯುತ್ತ ತವಾ ನೋಡುತ್ತ ನಿಂತೆ. ಎರಡು ರೊಟ್ಟಿ ಹೊತ್ತಿದವು. ಶಾಜಿಯಾಳ ಪದ ಚೆನ್ನಾಗಿದೆ. ಬಹಳ ಚೆನ್ನಾಗಿದೆ, ಅದೇ ಉರಿ. ಅದಕ್ಕಿಂತ ಛಲೋ ಒಂದು ಸಿಗುವ ತನಕ ನಮ್ಮ ಮನೆಯಲ್ಲಿ ಯಾರೂ ಅದನ್ನು ಆಡಕೂಡದು ಎಂದು ಪ್ರಾಚಿಗೆ ಹೇಳಿದ್ದೇನೆ. ಅಲ್ಲಿಯವರೆಗೆ ತವಾ ತವಾನೇ.